ಐದು ಬೀಗದ ಪಂಪು ಮತ್ತು ನಮ್ಮ ಮಹಡಿಯ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಮೇಲೆ ಅವರು ಪಾಠ ಹೇಳಿದ ಕಾಲೇಜಿನಲ್ಲಿ ಒಂದು ಸಭೆ ನಡೆಯಿತು. ನನಗೂ ಕರೆ ಬಂದಿತ್ತು. ಹೋದೆ. ಮೊದಲ ಸಾಲಿನಲ್ಲೇ ಕೂರಿಸಿದರು. ಒಬ್ಬೊಬ್ಬರಾಗಿ ಎದ್ದು ನಿಂತು, ರಾಜ್ಯಶಾಸ್ತ್ರದ ವಿದ್ವಾಂಸರು, ಅಂತರರಾಷ್ಟ್ರೀಯ ಸಂಸ್ಥೆಗಳ ವಿಚಾರದಲ್ಲಿ ಆಳವಾದ ಚಿಂತಕರು, ಗಂಭೀರ ಸ್ವಭಾವದವರು, ಮಿತಭಾಷಿ ಎಂದೆಲ್ಲ ಹೊಗಳಿದರು. ಮಿತಭಾಷಿಯಂತೆ! ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಪಾಪ, ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದಷ್ಟು ವರ್ಷವೂ ಆ ಮನುಷ್ಯ ಬಾಯಿಗೆ ಬಿಡುವು ಕೊಟ್ಟಿದ್ದನ್ನು ನಾನು ಕಂಡದ್ದು ಕೋಡುಬಳೆ ಕಡಿಯುವಾಗ ಮಾತ್ರ, ಅದೂ ಮೊದಲನೆಯ ಕಡಿತಕ್ಕೆ. ಸಭೆ ಮುಗಿಯುವವರೆಗೆ ಕಾದೆ. ಒಬ್ಬರಾದರೂ ಪಂಪಿನ ಮಾತು ಎತ್ತಲಿಲ್ಲ. ಆ ಸಿಟ್ಟಿಗೇ ಮನೆಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ಮಂಡಿ ಮೊಹಲ್ಲಾದಲ್ಲಿ ಊದುಬತ್ತಿ ಮಾಡುವ ಮನೆ. ನಾನು ಟಿ. ನರಸೀಪುರದ ಕಡೆಯ ಬೇಸಾಯದ ಮನೆತನದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ನಮ್ಮ ಮಾವ ಇರಲಿಲ್ಲ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹಿತ್ತಿಲಲ್ಲಿ ಒಂದೇ ಒಂದು ಮಣೆ ಹಾಕಿಕೊಂಡು ಬತ್ತಿ ಹೊಸೆಯಲು ಕೂತವರು. ನಾನು ಬರುವ ಹೊತ್ತಿಗೆ ಆ ಒಂದು ಮಣೆ ಬೆಳೆದು, ಬಾಡಿಗೆ ಜಾಗದ ಒಂದು ದೊಡ್ಡ ತಗಡಿನ ಶೆಡ್ಡಿನ ತುಂಬ ಮಣೆಗಳಾಗಿದ್ದವು. ಬೀದಿಯ ಹೆಂಗಸರೆಲ್ಲ ಬೆಳಗಿನ ಅಡುಗೆ ಮುಗಿಸಿ ಬಂದು ಕೂತು, ಇದ್ದಿಲ ಪುಡಿಯ ಕಪ್ಪು ಕೈಗಳಲ್ಲಿ ಬತ್ತಿ ಹೊಸೆಯುತ್ತ, ಊರ ಸುದ್ದಿಯನ್ನೂ ಜೊತೆಗೇ ಹೊಸೆಯುತ್ತಿದ್ದರು. ನನ್ನ ಗಂಡ ಸೈಕಲ್ಲಿಗೆ ಕಟ್ಟು ಕಟ್ಟಿಕೊಂಡು ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಯಜಮಾನಿಕೆ ಎಲ್ಲ ಅತ್ತೆಯದೇ.

ಮಹಡಿಯ ಕೋಣೆಗೆ ಮೇಷ್ಟ್ರು ಬಂದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಒಂದು ಹಾಸಿಗೆ ಸುರುಳಿ, ಮೂರು ಟ್ರಂಕು ಪುಸ್ತಕ, ಗೋಡೆಗೆ ತೂಗುಹಾಕುವ ಒಂದು ದೊಡ್ಡ ಭೂಪಟ. ಭೂಪಟಕ್ಕೆ ಮೊಳೆ ಹೊಡೆಯುವ ಮೊದಲೇ ಅತ್ತೆಯನ್ನು ಮೇಲೆ ಕರೆದು, "ಅಮ್ನೋರೇ, ಗೋಡೆ ನಿಮ್ಮದು, ನಕ್ಷೆ ನನ್ನದು. ಮೊಳೆ ಎಲ್ಲಿ ಹೊಡೀಬೇಕು ಅನ್ನೋದನ್ನ ಇಬ್ಬರೂ ಸೇರಿ ತೀರ್ಮಾನ ಮಾಡೋಣ" ಅಂದರಂತೆ. ಅತ್ತೆ ಕೆಳಗೆ ಇಳಿದು ಬಂದು, "ಒಳ್ಳೇ ಪೀಕಲಾಟ ತಂದ್ಕೊಂಡೆ ಕಣೇ, ಮೊಳೆ ಹೊಡಿಯಾಕೂ ಪಂಚಾಯ್ತಿ ಮಾಡೋ ಮನ್ಸ" ಎಂದು ನಕ್ಕಿದ್ದರು.

ಅವರಿಗೆ ಮದುವೆ ಆಗಿರಲಿಲ್ಲ. ಯಾಕೆ ಅಂತ ಅತ್ತೆ ಒಂದು ದಿನ ನೇರವಾಗಿಯೇ ಕೇಳಿಬಿಟ್ಟರು. "ಇಬ್ಬರೇ ಇರೋ ಸಭೇಲಿ ಬಹುಮತ ಅನ್ನೋದೇ ಬರಲ್ಲ, ಅಮ್ನೋರೇ" ಎಂದು ಮೇಷ್ಟ್ರು ಗಂಭೀರವಾಗಿ ಉತ್ತರ ಕೊಟ್ಟರು. ಊಟ ನಮ್ಮ ಮನೆಯಲ್ಲೇ. ಸಂಜೆಗೆ ಉಪ್ಪಿಟ್ಟೋ ಅವಲಕ್ಕಿಯೋ ಅಂತ ನಾನು ಸುಮ್ಮನೆ ಕೇಳಿದರೂ, ಶೆಡ್ಡಿನ ಹೆಂಗಸರನ್ನೆಲ್ಲ ಕೈ ಎತ್ತಿಸಿ ಎಣಿಸಿ, ಸೋತವರಿಗೆ ಒಂದು ಸಮಾಧಾನದ ಮಾತು ಹೇಳಿ, ಆಮೇಲೆ ಬಂದು ಉತ್ತರ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಅತ್ತೆ ರೊಟ್ಟಿ ತಟ್ಟಿ ಮುಗಿಸಿರುತ್ತಿದ್ದರು. "ಇವ್ರ ಕೈಗೆ ಅಡುಗೆಮನೆ ಕೊಟ್ರೆ ಮದ್ಯಾನಕ್ಕೆ ಎಲೆ ಮೇಲೆ ಠರಾವು ಬಡಿಸ್ತಾರೆ" ಎನ್ನುತ್ತಿದ್ದರು.

ಬೀದಿಯಲ್ಲಿ ಎಲ್ಲೇ ಜಗಳವಾದರೂ ಮೇಷ್ಟ್ರು ಕಾಲೇಜಿಗೆ ಹೊತ್ತಾದರೂ ಸರಿ, ಅಲ್ಲಿ ಹಾಜರು. ಬಿಡಿಸುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. "ಕೂತ್ಕೊಂಡು ಬಯ್ಯಿರಪ್ಪ, ಕೂತ್ಕೊಂಡು" ಎಂದು ಇಬ್ಬರನ್ನೂ ಜಗಲಿಗೆ ಎಳೆದು ಕೂರಿಸುತ್ತಿದ್ದರು ಅಷ್ಟೆ. ಕೂತು ಬಯ್ಯುವುದು ಎಷ್ಟು ಕಷ್ಟ ಅನ್ನುವುದು ಕೂತವರಿಗೇ ಗೊತ್ತು. ನಲ್ಲಿಯ ಹತ್ತಿರ ಒಂದು ಸಲ ನಾನೇ ಆ ಪೇಚಿಗೆ ಸಿಕ್ಕಿದ್ದೆ; ಬೈಗುಳ ಅರ್ಧಕ್ಕೇ ಮರೆತು, ಎದುರಾಳಿಯ ಜೊತೆ ಅವಳ ಮಗಳ ಬಾಣಂತನದ ಮಾತಿಗೆ ಇಳಿದಿದ್ದೆ.

ಬೆಳಿಗ್ಗೆ ಪತ್ರಿಕೆ ಬಂದರೆ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ವಿಶ್ವಸಂಸ್ಥೆಯ ಸುದ್ದಿಯನ್ನು ಗಟ್ಟಿಯಾಗಿ ಓದುವುದು ಅವರ ಪೂಜೆ. ಓದುವುದು ಸ್ವಲ್ಪ, ವಿವರಿಸುವುದು ಬಹಳ. ಐದು ಬೆರಳು ಎತ್ತಿ ಹಿಡಿದು, "ನೋಡಿ, ಭದ್ರತಾ ಮಂಡಳಿ ಅಂತ ಒಂದಿದೆ. ಲೋಕದಲ್ಲಿ ಯಾರ ಮೇಲೆ ಯಾರು ಬಿದ್ದರೂ ಎಲ್ಲರೂ ಸೇರಿ ತಡೀಬೇಕು ಅಂತ ಮಾಡ್ಕೊಂಡಿದ್ದು. ಆದ್ರೆ ಯುದ್ಧ ಗೆದ್ದ ಐದು ಜನ ಇದಾರಲ್ಲ, ಅವರಲ್ಲಿ ಒಬ್ಬ ಬೇಡ ಅಂದ್ರೆ..." ಎಂದು ಒಂದು ಬೆರಳು ಮಡಿಸುತ್ತಿದ್ದರು. "ಬೇಡ ಅಂದ್ರೆ?" ಅಂತ ಹೆಂಗಸರು ಕೇಳಬೇಕು. "ಮುಗೀತು. ಎಲ್ಲರೂ ಮನೆಗೆ." ಇದನ್ನು ಎಷ್ಟು ಸಲ ಕೇಳಿದ್ದೆವೆಂದರೆ ಅವರು ಬೆರಳು ಎತ್ತಿದ ಕೂಡಲೇ ನಾವೇ ಒಕ್ಕೊರಲಿನಿಂದ "ಎಲ್ಲರೂ ಮನೆಗೆ" ಎನ್ನುತ್ತಿದ್ದೆವು. ಅದಕ್ಕಿಂತ ಹಿಂದಿನ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ಒಪ್ಪಬೇಕಿತ್ತಂತೆ, ಅದಕ್ಕೇ ಯಾರೂ ಏಳಲಿಲ್ಲವಂತೆ, ಅದಕ್ಕೇ ಇನ್ನೊಂದು ಯುದ್ಧವೂ ಬಂತಂತೆ. "ಮನುಷ್ಯರು ಕಟ್ಟಿದ್ದು ತಾನೇ? ಮನುಷ್ಯರೇ ರಿಪೇರಿ ಮಾಡಬೇಕು. ಕೆಡವಬಾರದು, ಹಾಗೇ ಬಿಡಲೂಬಾರದು." ಈ ಮಾತನ್ನು ಅವರು ವಿಶ್ವಸಂಸ್ಥೆಗೂ ಹೇಳುತ್ತಿದ್ದರು, ಸೋರುವ ನಮ್ಮ ಮಹಡಿಗೂ ಹೇಳುತ್ತಿದ್ದರು.

ಅರವತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು. ಬಿದ್ದು ಗಿದ್ದಾರೆಂದು ನನ್ನ ಜೀವ ಬಾಯಿಗೆ ಬಂತು. "ತಿದ್ದಿಬಿಟ್ಟರು ಕಣಮ್ಮ! ಮಂಡಳೀಲಿ ಹನ್ನೊಂದು ಜನ ಇದ್ದದ್ದು ಹದಿನೈದಾಯ್ತು! ಹೊಸ ದೇಶಗಳಿಗೆ ಜಾಗ ಸಿಕ್ತು! ಆಗಲ್ಲ ಆಗಲ್ಲ ಅಂತಿದ್ರು ಎಲ್ಲಾರೂ, ಆಯ್ತೋ ಇಲ್ವೋ?" ತಾವೇ ಬರೆದು ಪಾಸು ಮಾಡಿಸಿದ ಹಾಗೆ ಕುಣಿದಾಡಿದರು. ಆವತ್ತು ಕಾಲೇಜಿಗೆ ಹೋಗುವ ಮುಂಚೆ ಮೈಸೂರುಪಾಕು ತರಿಸಿ ಶೆಡ್ಡಿಗೆಲ್ಲ ಹಂಚಿದರು. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಸರಿ, ಆ ಬ್ಯಾಡ ಅನ್ನೋ ಐದು ಜನ?" ಎಂದು ಕೇಳಿದರು. "ಅವರು ಹಾಗೇ ಇದಾರೆ, ಅಮ್ನೋರೇ." "ಅಂಗಾದ್ರೆ ಅವ್ರಿಗೆ ಇನ್ನೂ ನಮ್ಮಷ್ಟು ಬುದ್ಧಿ ಬಂದಿಲ್ಲ ಬುಡಿ" ಎಂದರು ಅತ್ತೆ. ಮೇಷ್ಟ್ರು ಪತ್ರಿಕೆ ಮಡಿಸುತ್ತ, "ಅದೂ ನಿಜವೇ" ಎಂದರು. ಅತ್ತೆ ಹಾಗೆ ಅಂದದ್ದು ಬರೀ ಜಂಬಕ್ಕಲ್ಲ. ಅದಕ್ಕೆ ಕಾರಣವೇ ನಾನು ಹೇಳಹೊರಟ, ಅದಕ್ಕೂ ಕೆಲವು ವರ್ಷ ಹಿಂದೆ ನಡೆದ ಪಂಪಿನ ಕಥೆ.

ಯುದ್ಧದ ಕಾಲದಲ್ಲಿ ಜಪಾನಿನವರು ಬಾಂಬು ಹಾಕುತ್ತಾರೆಂಬ ಗುಲ್ಲು ಎದ್ದಾಗ ಮೊಹಲ್ಲಾದ ಐದು ದೊಡ್ಡ ಮಂಡಿಯವರು ಸೇರಿ ಬೆಂಕಿ ಆರಿಸುವ ಒಂದು ಕೈಪಂಪು ತರಿಸಿದ್ದರು. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ಅಕ್ಕಿ, ಎಣ್ಣೆ, ಹೀಗೆ ಐದು ಮಂಡಿ. ಎರಡು ಚಕ್ರದ ಗಾಡಿಯ ಮೇಲೆ ಹಿತ್ತಾಳೆಯ ಪಂಪು. ಎರಡೂ ಕಡೆ ಉದ್ದನೆಯ ಹಿಡಿ. ನಾಲ್ಕು ನಾಲ್ಕು ಆಳು ನಿಂತು ಮೇಲೆ ಕೆಳಗೆ ಒತ್ತಿದರೆ ಬಾವಿಯ ನೀರು ಮಾಳಿಗೆಯ ಎತ್ತರಕ್ಕೆ ಚಿಮ್ಮುತ್ತಿತ್ತು. ಬಾಂಬು ಬೀಳಲಿಲ್ಲ. ಪಂಪು ಉಳಿಯಿತು. ಅದಕ್ಕೊಂದು ಕೊಠಡಿ ಕಟ್ಟಿಸಿ, ಐದು ಮಂಡಿಯವರೂ ಬಾಗಿಲಿಗೆ ತಮ್ಮ ತಮ್ಮ ಬೀಗ ಹಾಕಿದರು. ದೇವಸ್ಥಾನದ ಹುಂಡಿಗೆ ಧರ್ಮದರ್ಶಿಗಳು ಒಬ್ಬೊಬ್ಬರು ಒಂದೊಂದು ಬೀಗ ಹಾಕುತ್ತಾರಲ್ಲ, ಆ ಕ್ರಮ. ಒಬ್ಬರು ಪಂಪನ್ನು ತೋಟಕ್ಕೆ ನೀರು ಹಾಯಿಸಲು ಒಯ್ದಾರು ಅಂತ ಇನ್ನೊಬ್ಬರಿಗೆ ಅನುಮಾನ. ಕಳ್ಳರ ಭಯಕ್ಕೆ ಹಾಕಿದ ಬೀಗಗಳಲ್ಲ ಅವು, ಒಬ್ಬರಿಗೊಬ್ಬರ ಭಯಕ್ಕೆ ಹಾಕಿದ್ದು.

ವರ್ಷಕ್ಕೊಂದು ಸಲ ಆಯುಧಪೂಜೆಯ ದಿನ ಐದೂ ಜನ ಬಂದು ಬೀಗ ತೆಗೆಯುತ್ತಿದ್ದರು. ಪಂಪಿಗೆ ಎಣ್ಣೆ, ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದ ಮೇಲೆ ಎಂಟು ಆಳು ಹಿಡಿ ಹಿಡಿದು ಒಂದು ಸಲ ನೀರು ಚಿಮ್ಮಿಸಬೇಕು. ಆ ನೀರು ಮೈಮೇಲೆ ಬಿದ್ದರೆ ವರ್ಷವೆಲ್ಲ ಬೆಂಕಿಯ ಕಾಟವಿಲ್ಲ ಅಂತ ಮೊಹಲ್ಲಾದ ನಂಬಿಕೆ. ಹೆಂಗಸರು ಕೂಸುಗಳನ್ನು ಎತ್ತಿ ಹಿಡಿದು ನೆನೆಸಿಕೊಳ್ಳುತ್ತಿದ್ದರು. ಆಮೇಲೆ ಮತ್ತೆ ಐದು ಬೀಗ. ಮೇಷ್ಟ್ರು ಇದನ್ನು ಮೊದಲ ಸಲ ನೋಡಿದಾಗ ಕಣ್ಣು ಅರಳಿಸಿಕೊಂಡು ನಿಂತುಬಿಟ್ಟಿದ್ದರು. "ಮೂರು ಟ್ರಂಕು ಪುಸ್ತಕ ಓದಿದೀನಿ ಕಣಮ್ಮ, ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ" ಎಂದರು ನನಗೆ.

ಒಂದು ವರ್ಷ, ಇನ್ನೇನು ದಸರಾ ಹತ್ತಿರ ಬಂತು ಅನ್ನುವಾಗ, ಮಧ್ಯಾಹ್ನದ ಹೊತ್ತು, ನಮ್ಮ ಶೆಡ್ಡಿನ ಪಕ್ಕದ ಗೋಣಿಚೀಲದ ಸಾಹೇಬರ ಅಂಗಡಿಗೆ ಬೆಂಕಿ ಬಿತ್ತು. ಯಾರೋ ಎಸೆದ ಬೀಡಿ ತುಂಡು. ಸರ್ಕಾರದ ಬೆಂಕಿ ಗಾಡಿ ಬಂತು, ಆದರೆ ಎತ್ತಿನ ಗಾಡಿಗಳ ಸಾಲು ದಾಟಿ ಗಲ್ಲಿಗೆ ನುಗ್ಗಲಾರದೆ ತಿರುವಿನಲ್ಲೇ ನಿಂತು ಗಂಟೆ ಬಾರಿಸುತ್ತಿತ್ತು. ಪಂಪು ಕೂಗಳತೆಯ ದೂರದಲ್ಲೇ ಇದೆ! ನಾಲ್ಕು ಮಂಡಿಯವರು ಓಡಿ ಬಂದು ನಾಲ್ಕು ಬೀಗ ತೆಗೆದರು. ಐದನೆಯದು ಬೆಲ್ಲದ ಮಂಡಿಯ ಯಜಮಾನರದು. ಅವರು ನಂಜನಗೂಡಿಗೆ ಮದುವೆಗೆ ಹೋಗಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿತ್ತು. ನಾವು ಕೊಡ, ಬಿಂದಿಗೆ, ಕೊಳಗ, ಕೈಗೆ ಸಿಕ್ಕಿದ್ದರಲ್ಲಿ ನೀರು ಹೊತ್ತೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಸಾಹೇಬರ ಅಂಗಡಿ ಅರ್ಧ ಬೂದಿ. ನಮ್ಮ ಶೆಡ್ಡಿನ ಗೋಡೆ ಕಪ್ಪಾಯಿತು, ಬೆಂಕಿ ಒಳಗೆ ಬರಲಿಲ್ಲ.

ಸಂಜೆ ಬೆಲ್ಲದ ಯಜಮಾನರು ಮದುವೆ ಊಟದ ಎಲೆಅಡಿಕೆ ಹಾಕಿಕೊಂಡೇ ಬಂದು, ಬೂದಿ ನೋಡಿ, ತಲೆ ತಗ್ಗಿಸಿಕೊಂಡು ಹೋದರು. ಕೆಟ್ಟ ಮನುಷ್ಯರಲ್ಲ. ಆದರೆ ಅವಮಾನವಾದ ದೊಡ್ಡ ಮನುಷ್ಯರಿಗೆ ತಪ್ಪು ಹೊರಿಸಲು ಯಾರಾದರೂ ಬೇಕಲ್ಲ. ಮಾರನೆಯ ದಿನ ಐವರ ಸಮಿತಿ ಸೇರಿ ತೀರ್ಮಾನ ಮಾಡಿತು: ಇದ್ದಿಲ ಪುಡಿ, ಮರದ ಹೊಟ್ಟು ತುಂಬಿಕೊಂಡ ಊದುಬತ್ತಿ ಶೆಡ್ಡು ಇರುವುದರಿಂದಲೇ ಮೊಹಲ್ಲಾಕ್ಕೆ ಬೆಂಕಿಯ ಅಪಾಯ, ದೀಪಾವಳಿಯೊಳಗೆ ಅದು ಊರಾಚೆ ಹೋಗಬೇಕು. ಬೆಂಕಿ ಬಂದದ್ದು ನಮ್ಮ ಕಡೆಯಿಂದಲ್ಲ ಎಂದು ಸಾಹೇಬರೇ ಹೋಗಿ ಹೇಳಿದರೂ ಕೇಳಲಿಲ್ಲ. ಶೆಡ್ಡು ನಿಂತ ಜಾಗ ಎಣ್ಣೆ ಮಂಡಿಯವರದು. ಅವರು ಎದ್ದೇಳಿ ಅಂದರೆ ಏಳಲೇಬೇಕು.

ಊರಾಚೆ ಹೋದರೆ ಯಾರು ಬರುತ್ತಾರೆ ಹೊಸೆಯಲು? ಒಲೆಯ ಮೇಲೆ ಸಾರು ಇಟ್ಟು ಬಂದು ಕೂರುವ ಹೆಂಗಸರು ಅವರು. ಶೆಡ್ಡು ಎದ್ದರೆ ಅತ್ತೆಯ ಇಡೀ ಬಾಳು ಎದ್ದ ಹಾಗೆ. ಆವತ್ತು ಅತ್ತೆ ಊಟ ಮಾಡಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಬಯ್ಯದ ಅತ್ತೆಯನ್ನು ನೋಡಿ ನನಗೆ ನಿಜವಾಗಿ ಭಯವಾಯಿತು, ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಮೇಷ್ಟ್ರು ಮಾತ್ರ ಹುರುಪಿನಲ್ಲಿದ್ದರು. "ನಾನು ಮಾತಾಡ್ತೀನಿ ಅಮ್ನೋರೇ" ಎಂದು ಕೋಟು ಹಾಕಿಕೊಂಡು ಹೊರಟರು. ಬೆಲ್ಲದ ಮಂಡಿಯಲ್ಲಿ, ಬೆಲ್ಲದ ಪಿಂಡಿಗಳ ನಡುವೆ ಸಭೆ. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತಿದ್ದೆವು. ಅಯ್ಯೋ, ಏನಂತ ಹೇಳಲಿ! ಕೊರಿಯಾದಿಂದ ಶುರು ಮಾಡಿದರು. ಅಲ್ಲಿಂದ ಸೂಯೆಜ್ ಕಾಲುವೆಗೆ ಬಂದರು. ಐವರಲ್ಲಿ ಇಬ್ಬರು ಬೇಡ ಅಂದರೂ ಜಗತ್ತಿನ ದೊಡ್ಡ ಸಭೆ ಸೇರಿ, ನೀಲಿ ಟೋಪಿಯ ಸಿಪಾಯಿಗಳನ್ನು ನಡುವೆ ನಿಲ್ಲಿಸಿದ್ದನ್ನು, ಅದರಲ್ಲಿ ನಮ್ಮ ದೇಶದವರೂ ಇದ್ದದ್ದನ್ನು ಕೈ ಬೀಸಿ ಬೀಸಿ ಹೇಳಿದರು. "ಸ್ವಾಮೀ, ಭದ್ರತೆ ಅನ್ನೋ ಮಾತಿನ ಅರ್ಥವೇ ಬೆಳೀತಾ ಇದೆ. ನೀವು ಪಂಪು ತಂದದ್ದು ಬಾಂಬಿಗೆ. ಈಗ ಬಾಂಬಿಲ್ಲ, ಬೀಡಿ ತುಂಡಿದೆ. ಆವಾಗ ಐದೇ ಮಂಡಿ ಇತ್ತು, ಈಗ ಎಷ್ಟು ಸಣ್ಣ ಅಂಗಡಿ ಬಂದಿವೆ. ಕಾಲ ಬದಲಾದ ಮೇಲೆ ಸಂಸ್ಥೆ ಬದಲಾಗಬೇಡ್ವೆ?" ಬೆಲ್ಲದ ಮೇಲಿನ ನೊಣಗಳು ಕೂಡ ಕೇಳುತ್ತಿದ್ದವು ಅನ್ನಿಸಿತು. ಬೆಲ್ಲದ ಯಜಮಾನರು ನಿಧಾನವಾಗಿ ಎಲೆಅಡಿಕೆ ಉಗಿದು ಬಂದು, "ಎಲ್ಲ ಸರಿ ಮೇಷ್ಟ್ರೇ, ಆ ಕೊರಿಯಾದಾಗೆ ಬೆಲ್ಲ ಎಂಗೆ ಮಾರ್ತಾರೆ?" ಎಂದರು. ಮಂಡಿಗೆ ಮಂಡಿಯೇ ನಕ್ಕಿತು. ತೀರ್ಮಾನ ಬದಲಾಗಲಿಲ್ಲ.

ದಾರಿಯಲ್ಲಿ ಅತ್ತೆ, "ಕಾಲುವೆ ತಂಕ ಹೋಗೋ ಬದ್ಲು ನಮ್ಮ ಶೆಡ್ಡಿನ ತಂಕ ಬಂದಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ" ಎಂದರು. ಮೇಷ್ಟ್ರ ಮುಖ ಸಣ್ಣಗಾಯಿತು. ಮಾರನೆಯ ದಿನ ಪತ್ರಿಕೆಯನ್ನೂ ಓದಲಿಲ್ಲ. ಸ್ಟೂಲಿನ ಮೇಲೆ ಕೂತು ಹೆಂಗಸರ ಕೈಗಳನ್ನೇ ನೋಡುತ್ತಿದ್ದರು. ಸಾಹೇಬರು ಒಳಗೆ ಬಂದು, "ಒಂದು ಹಾರೆ ತಂದು ಐದೂ ಬೀಗ ಒಡೆದ್ಬುಡೋಣ ಮೇಷ್ಟ್ರೇ. ಪಂಪು ಮೊಹಲ್ಲಾದ್ದು" ಎಂದರು. ಅಂಗಡಿ ಸುಟ್ಟುಕೊಂಡವರ ಸಿಟ್ಟು ಅದು. ಮೇಷ್ಟ್ರು ತಲೆಯಾಡಿಸಿದರು. "ಒಡೆಯೋದು ಸುಲಭ ಸಾಹೇಬ್ರೇ. ಒಡೆದ ಮೇಲೆ ಅದು ಹಾರೆ ಇದ್ದೋನ ಪಂಪು ಆಗುತ್ತೆ, ಮೊಹಲ್ಲಾದ್ದಾಗಲ್ಲ."

ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಆಯುಧಪೂಜೆ ದಿನ ಆ ಹಿಡಿ ಒತ್ತೋರು ಯಾರಮ್ಮ?" ಎಂದು ಕೇಳಿದರು. "ಇನ್ಯಾರು ಒತ್ತುತಾರೆ? ನಮ್ಮೋರೇ. ಸಾಹೇಬ್ರ ಮನೆ ಗಂಡಸ್ರು, ಗಾಡಿ ಹೊಡಿಯೋರು, ನಮ್ಮ ಯಜಮಾನ್ರು. ಮಂಡಿಯೋರು ಕೈ ಮಣ್ಣು ಮಾಡ್ಕೊತಾರಾ?" ಎಂದೆ. ಮೇಷ್ಟ್ರು ಸ್ಟೂಲಿನಿಂದ ಎದ್ದುಬಿಟ್ಟರು. "ಬೀಗ ಐದು, ಕೈ ಹದಿನಾರು!" ಎಂದು ಕೂಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಮಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಮಗೂ ನಗು ತಡೆಯಲಿಲ್ಲ. ಮೇಷ್ಟ್ರು ಮನೆ ಮನೆಗೆ ಹೋಗಿ ಒಂದೇ ಮಾತು ಹೇಳಿಬಂದರು: ಕೂಗಾಟ ಬೇಡ, ಧಿಕ್ಕಾರ ಬೇಡ, ಹೊಸ ಬಟ್ಟೆ ಹಾಕ್ಕೊಂಡು ಬನ್ನಿ, ಕೈ ಕಟ್ಟಿ ನಿಂತ್ಕೊಳ್ಳಿ.

ಆಯುಧಪೂಜೆ ಬಂತು. ಮರುದಿನದ ಜಂಬೂಸವಾರಿ ನೋಡಲು ಊರಿಗೆ ಬಂದ ನೆಂಟರೂ ಸೇರಿ ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ. ಐದು ಬೀಗ ತೆಗೆದರು. ಪಂಪನ್ನು ಹೊರಗೆ ಎಳೆದದ್ದಾಯಿತು, ಮಂಗಳಾರತಿಯಾಯಿತು, ಬೂದುಗುಂಬಳ ಒಡೆದದ್ದಾಯಿತು. "ಹೂಂ, ಒತ್ತಿ" ಎಂದರು ಬೆಲ್ಲದ ಯಜಮಾನರು. ಯಾರೂ ಅಲುಗಲಿಲ್ಲ. ಗಾಡಿಯವರು, ಸಾಹೇಬರು, ನನ್ನ ಗಂಡ, ಎಲ್ಲರೂ ಮದುವೆಯ ಫೋಟೋಗೆ ನಿಂತ ಹಾಗೆ ಕೈ ಕಟ್ಟಿ ನಗುನಗುತ್ತ ನಿಂತಿದ್ದರು. "ಏನ್ರಯ್ಯ ಇದು? ಇನ್ನೇನು ರಾಹುಕಾಲ ಬತ್ತದೆ!" ಎಂದು ಯಜಮಾನರು ಗಡಬಡಿಸಿದರು. ಆಗ ಮೇಷ್ಟ್ರು ಮುಂದೆ ಬಂದು ಕೈ ಮುಗಿದರು. ಈ ಸಲ ಕೊರಿಯಾ ಇಲ್ಲ. "ಯಜಮಾನ್ರೇ, ನಿಮ್ಮ ಬೀಗ ನಿಮಗಿರಲಿ. ಐದು ಕೀ ಮಾತ್ರ ಒಂದೇ ಕಡೆ, ಯಾವಾಗ್ಲೂ ಮೊಹಲ್ಲಾದಲ್ಲೇ ಇರೋ ಒಬ್ಬರ ಹತ್ರ ಇರಲಿ. ಅಷ್ಟೇ ಕೇಳ್ತಿರೋದು."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಣಸೆಯವರ ಹತ್ತಿರ ಇರಲಿ ಅಂದರೆ ಮೆಣಸಿನಕಾಯಿಯವರು ಒಪ್ಪುತ್ತಾರೆಯೇ? ನಾಲ್ಕು ಜನರ ಎದುರು ನಿನ್ನ ಮೇಲೆ ನಂಬಿಕೆಯಿಲ್ಲ ಅಂತ ಹೇಳುವುದು ಹೇಗೆ? ಮೇಷ್ಟ್ರು ಹೆಗಲ ಮೇಲಿನ ಟವೆಲು ತೆಗೆದರು. ಮಂಡಿಯಲ್ಲಿ ದರ ಕುದುರಿಸುವುದು ಬಾಯಲ್ಲಲ್ಲ. ಕೊಳ್ಳುವವರೂ ಮಾರುವವರೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಮಾತಾಡುತ್ತಾರೆ. ನೋಡುವವರಿಗೆ ಟವೆಲು ಮಾತ್ರ ಕಾಣುತ್ತದೆ. ಮೇಷ್ಟ್ರಿಗೆ ಇದರ ಮೇಲೆ ಬಹಳ ಮೋಹ. ಒಂದು ಸಲ ಕುತೂಹಲಕ್ಕೆ ಯಾರದೋ ಟವೆಲಿನ ಕೆಳಗೆ ಕೈ ತೂರಿಸಿ, ಸುಮ್ಮನೆ ಎರಡು ಬೆರಳು ಒತ್ತಿ, ತಮಗೇ ತಿಳಿಯದೆ ಒಂದು ಗಾಡಿ ಹುಣಸೆಹಣ್ಣು ಕೊಂಡುಬಿಟ್ಟಿದ್ದರು. ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಾಗ ಅವರ ಮುಖ ನೋಡಬೇಕಿತ್ತು. ಅದನ್ನು ವಾಪಸು ಕಳಿಸಲು ಅತ್ತೆ ಹುಣಸೆ ಮಂಡಿಗೆ ಹೋಗಿ ಮಾಡಿದ ರಂಪವನ್ನು ಮೊಹಲ್ಲಾ ಬಹಳ ಕಾಲ ನೆನೆಯುತ್ತಿತ್ತು.

"ನಿಮ್ಮ ಪದ್ಧತಿ ಪ್ರಕಾರವೇ ಆಗಲಿ" ಎಂದರು ಮೇಷ್ಟ್ರು. "ಒಬ್ಬೊಬ್ಬರೇ ಬಂದು ಟವೆಲಿನ ಒಳಗೆ ನನ್ನ ಕೈ ಹಿಡೀರಿ. ನಿಮ್ಮನ್ನ ಬಿಟ್ಟು ನಿಮ್ಮ ಕೀ ಯಾರ ಹತ್ರ ಇದ್ರೆ ನಿಮಗೆ ನೆಮ್ಮದೀನೋ ಅವರನ್ನ ಹೇಳಿ. ಬೆಲ್ಲಕ್ಕೆ ಒಂದು ಬೆರಳು, ಹುಣಸೆಗೆ ಎರಡು, ಮೆಣಸಿನಕಾಯಿಗೆ ಮೂರು, ಅಕ್ಕಿಗೆ ನಾಲ್ಕು, ಎಣ್ಣೆಗೆ ಐದು. ಐವರೂ ಬೇಡ ಅಂದ್ರೆ, ಮುಷ್ಟಿ. ಮುಷ್ಟಿ ಅಂದ್ರೆ ಊದುಬತ್ತಿ ಅಮ್ನೋರು."

"ಅಯ್ಯೋ ನಂಗ್ಯಾಕೆ ಮೇಷ್ಟ್ರೇ ಈ ಪೀಡೆ!" ಎಂದು ಅತ್ತೆ ನನ್ನ ಬೆನ್ನ ಹಿಂದೆ ಸರಿದರು. ಗುಂಪಿನಲ್ಲಿ ಗುಸುಗುಸು. ರಾಹುಕಾಲದ ಭಯಕ್ಕೆ ಐವರೂ ಬಂದರು. ಒಬ್ಬೊಬ್ಬರೂ ಟವೆಲಿನೊಳಗೆ ಕೈ ಹಾಕಿ, ಆಕಾಶ ನೋಡಿ, ಕೈ ಹೊರಗೆ ತೆಗೆದರು. ಕೊನೆಯವರು ಬೆಲ್ಲದ ಯಜಮಾನರು. ಅವರ ಕೈ ಒಳಗೆ ಬಹಳ ಹೊತ್ತು ಇತ್ತು. ಮೇಷ್ಟ್ರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮುಷ್ಟಿಯನ್ನು ಮೇಲೆ ಎತ್ತಿ ಹಿಡಿದು, "ಐದಕ್ಕೆ ಐದು" ಎಂದರು.

ಗಲ್ಲಿಗೆ ಗಲ್ಲಿಯೇ ಕೇಕೆ ಹಾಕಿತು. ಬಹಳ ವರ್ಷಗಳ ಮೇಲೆ ನಾನು, "ನಿಜವಾಗ್ಲೂ ಐದೂ ಮುಷ್ಟಿನಾ ಮೇಷ್ಟ್ರೇ?" ಎಂದು ಕೇಳಿದ್ದೆ. "ಟವೆಲಿನ ಒಳಗಿನದು ಟವೆಲಿನ ಒಳಗೇ ಇರಬೇಕು ಕಣಮ್ಮ" ಎಂದು ಕಣ್ಣು ಮಿಟುಕಿಸಿದ್ದರು. ನಿಜವೇ ಇರಬೇಕು ಅನ್ನುತ್ತದೆ ನನ್ನ ಮನಸ್ಸು. ಯಾಕೆಂದರೆ ನಮ್ಮ ಅತ್ತೆ ಆ ಐವರ ಜೊತೆಗೂ ಜಗಳವಾಡಿದ್ದರು, ಯಾರಿಗೂ ಒಂದು ಮಾತು ಹೆಚ್ಚಿಲ್ಲ, ಯಾರಿಗೂ ಒಂದು ಮಾತು ಕಡಿಮೆಯಿಲ್ಲ. ಅಂಥವರನ್ನು ನಂಬದೆ ಇನ್ಯಾರನ್ನು ನಂಬುತ್ತಾರೆ?

ಐದು ಬೀಗದ ಕೈಗಳು ಅತ್ತೆಯ ಮಡಿಲಿಗೆ ಬಿದ್ದವು. ಬೆಲ್ಲದ ಯಜಮಾನರು ಉಡಿದಾರ ಬಿಚ್ಚಲು ಗೋಡೆಯ ಕಡೆ ತಿರುಗಿ ತಡಕಾಡಿ, ಎಲ್ಲರಿಗಿಂತ ಕೊನೆಗೆ ಕೊಟ್ಟರು. ಕೊಟ್ಟವರು ಅಲ್ಲೇ ನಿಂತರು. ಅತ್ತೆಯ ಮಡಿಲು ನೋಡಿದರು, ಆಮೇಲೆ ಅತ್ತೆಯ ಹಿಂದಿದ್ದ ಊದುಬತ್ತಿ ಶೆಡ್ಡು ನೋಡಿದರು. ಅವರ ತಲೆಯಲ್ಲಿ ಏನೋ ತಿರುಗುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ದೀಪಾವಳಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

"ಅಂಗಾದ್ರೆ ಅಕ್ಕಯ್ಯ," ಎಂದರು ತಲೆ ಕೆರೆದುಕೊಳ್ಳುತ್ತ, "ಇನ್ಮೇಲೆ ನೀವು ಮೊಹಲ್ಲಾ ಬುಟ್ಟು ಎಲ್ಗೂ ಹೋಗಂಗಿಲ್ಲ."

ಅತ್ತೆ ಕೀಗಳನ್ನು ಸೆರಗಿನ ತುದಿಗೆ ನಿಧಾನವಾಗಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಎತ್ತಿದರು. "ಹೋಗು ಅಂದೋರು ಯಾರು, ಯಜಮಾನ್ರೇ?"

ಯಜಮಾನರು ಸುತ್ತ ನಾಲ್ವರನ್ನು ನೋಡಿದರು, ಮೇಷ್ಟ್ರನ್ನು ನೋಡಿದರು.

"ಯಾರೋ ವಿಷಯ ಗೊತ್ತಿಲ್ದೋರು ಅಂದಿರ್ಬೇಕು ಬುಡಿ" ಎಂದರು.

ಮೇಷ್ಟ್ರು ಕೋಟು ಬಿಚ್ಚಿ ನನ್ನ ಕೈಗೆ ಎಸೆದು, ಓಡಿಹೋಗಿ, ಎಲ್ಲರಿಗಿಂತ ಮೊದಲು ಪಂಪಿನ ಹಿಡಿಗೆ ಕೈ ಹಾಕಿದರು.